ಮೀನು ಬಿಟ್ಟರೆ ಸಾಕೆ?

ಕೊಡದಲ್ಲಿ ನೀರು ಕಡಮೆಯಾದರೆ ಒಂದು ಚೆಂಬು ಸುರಿದು ತುಂಬಿಸುತ್ತೇವೆ. ಸರೋವರದಲ್ಲಿ ಮೀನು ಕಡಮೆಯಾದರೆ? ಮರಿಗಳನ್ನು ತಂದು ಬಿಟ್ಟರಾಯಿತು ಎಂಬುದು ಬಹುಜನರ ಉತ್ತರ. ಭೌತಶಾಸ್ತ್ರವನ್ನು ಬೋಧಿಸುವ ನನಗೂ ಕೂಡುವ ಲೆಕ್ಕ ಪ್ರಿಯವೇ. ಆದರೆ ಈ ವಿಷಯದಲ್ಲಿ ಆ ಲೆಕ್ಕ ತಪ್ಪುತ್ತದೆಂದು ನನ್ನ ಅಭಿಪ್ರಾಯ. ಅಮೆರಿಕದ ಬಾಸ್ ಮೀನಿನ ವೃತ್ತಾಂತವೇ ಇದಕ್ಕೆ ಸಾಕ್ಷಿ.

ಅಗಲಬಾಯಿಯ ಈ ಬಾಸ್ ಬೇಟೆಗಾರ ಮೀನು. ಗಾಳ ಹಾಕುವವರಿಗೆ ಬಲು ಅಚ್ಚುಮೆಚ್ಚು. ಅಲಬಾಮಾ ಸಂಸ್ಥಾನದ ಆಬರ್ನ್‌ನಲ್ಲಿ ಹೋಮರ್ ಸ್ವಿಂಗಲ್ ಎಂಬ ವಿಜ್ಞಾನಿ ಕೊಳಗಳಲ್ಲಿ ಬಾಸನ್ನೂ ಅದಕ್ಕೆ ಆಹಾರವಾಗುವ ಬ್ಲೂಗಿಲ್ ಮೀನನ್ನೂ ಕೂಡಿ ಬೆಳೆಸಿ, 1950ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಒಂದು ಕೊಳವು ಪೋಷಿಸಬಲ್ಲ ಮೀನಿನ ತೂಕಕ್ಕೆ ಮಿತಿಯುಂಟು. ಬಾಸ್ ಅತಿಯಾದರೆ ಆಹಾರ ಸಾಲದೆ ಅವು ಕುಬ್ಜವಾಗಿ ಉಳಿಯುತ್ತವೆ. ಬ್ಲೂಗಿಲ್ ಅತಿಯಾದರೆ ತಾವೂ ಕುಬ್ಜವಾಗಿ, ಬಾಸಿನ ಮೊಟ್ಟೆಗಳನ್ನೂ ತಿಂದುಹಾಕುತ್ತವೆ. ಉತ್ತಮ ಕೊಳಗಳಲ್ಲಿ ಆಹಾರಮೀನುಗಳ ತೂಕವು ಬೇಟೆಮೀನುಗಳ ತೂಕಕ್ಕಿಂತ 3ರಿಂದ 6 ಪಟ್ಟು ಇರುವುದೆಂದು ಅವರು ಕಂಡರು.

ಆಹಾರವೊಂದಿದ್ದರೆ ಸಾಲದು, ಮರೆಯೂ ಬೇಕು. 1982ರಲ್ಲಿ ಸವಿನೋ ಮತ್ತು ಸ್ಟೈನ್ ಎಂಬುವರು ಜಲಸಸ್ಯಗಳಿಗೆ ಬದಲಾಗಿ ಕೃತಕ ಕಡ್ಡಿಗಳನ್ನು ನೆಟ್ಟು ಪರೀಕ್ಷಿಸಿದರು. ಚದರ ಮೀಟರಿಗೆ 50 ಕಡ್ಡಿಗಳಿದ್ದಾಗ ಬಾಸ್ ಚೆನ್ನಾಗಿಯೇ ಬೇಟೆಯಾಡಿತು. 250 ಆದಾಗ ಅದರ ಬೇಟೆ ಬಹಳವಾಗಿ ಕುಗ್ಗಿತು. ಮರೆಯೇ ಇಲ್ಲದಿದ್ದರೆ ಆಹಾರಮೀನು ಉಳಿಯದು. ಮರೆ ಅತಿಯಾದರೆ ಬಾಸಿಗೆ ಊಟ ದೊರೆಯದು.

ವಿಸ್ಕಾನ್ಸಿನ್ ಸಂಸ್ಥಾನದ ಲಿಟ್ಲ್ ರಾಕ್ ಸರೋವರದಲ್ಲಿ ನಡೆದ ಪ್ರಯೋಗ ಇನ್ನೂ ಬೋಧಪ್ರದ. ಬೇರೊಂದು ಸಂಶೋಧನೆಗಾಗಿ 1984ರಲ್ಲಿ ಈ ಸರೋವರವನ್ನು ಪರದೆಯಿಂದ ಎರಡು ಭಾಗ ಮಾಡಲಾಗಿತ್ತು. 2002ರಲ್ಲಿ ಒಂದು ಭಾಗದ ದಂಡೆಯಂಚಿನಲ್ಲಿ ಮುಳುಗಿದ್ದ ಮರದ ದಿಮ್ಮಿ ಕೊಂಬೆಗಳಲ್ಲಿ ಹೆಚ್ಚಿನವನ್ನು ತೆಗೆದುಹಾಕಿದರು. ಇನ್ನೊಂದನ್ನು ಹೋಲಿಕೆಗಾಗಿ ಇದ್ದಂತೆಯೇ ಬಿಟ್ಟರು. ಮರ ಹೋದ ಕಡೆ ಹಳದಿ ಪರ್ಚ್ ಎಂಬ ಆಹಾರಮೀನಿಗೆ ಅಡಗಲು ಎಡೆಯಿಲ್ಲದಾಯಿತು, ಮೊಟ್ಟೆಯ ಎಳೆಗಳನ್ನು ತೊಡರಿಸಲು ಕೊಂಬೆಯೂ ಇಲ್ಲವಾಯಿತು. ಪರ್ಚ್ ಬಹುಮಟ್ಟಿಗೆ ನಾಶವಾಯಿತು. ಬಾಸ್ ನೆಲದಿಂದ ನೀರಿಗೆ ಬೀಳುವ ಕೀಟಾದಿಗಳನ್ನು ಹೆಚ್ಚಾಗಿ ಆಶ್ರಯಿಸಬೇಕಾಯಿತು. ಅದರ ಬೆಳವಣಿಗೆ ಕುಂದಿತು.

ಇಂಥ ನೀರಿಗೆ ಮರಿಗಳನ್ನು ಬಿಟ್ಟು ಫಲವೇನು? ಬಿಟ್ಟ ಪ್ರತಿಯೊಂದು ಬಾಸ್ ಮರಿಯೂ ಹಸಿದ ಮತ್ತೊಂದು ಬಾಯಿ! ಹೊಸದಾಗಿ ತೋಡಿದ ಕೊಳಕ್ಕೆ ಮೀನು ಬಿಡಲೇಬೇಕು, ನಿಜ. ಆದರೆ ಮೀನಿದ್ದ ಸರೋವರದಲ್ಲಿ ಅದು ಕ್ಷೀಣಿಸಿತೆಂದರೆ, ಏನನ್ನು ತಿನ್ನುತ್ತಿತ್ತು, ಎಲ್ಲಿ ಅಡಗುತ್ತಿತ್ತು ಎಂದು ಮೊದಲು ಕೇಳಬೇಕು.

ದಂಡೆಯಲ್ಲಿ ಮನೆ ಕಟ್ಟಿದವರು ಚೊಕ್ಕಟದ ಹೆಸರಿನಲ್ಲಿ ಬಿದ್ದ ಮರಗಳನ್ನು ಎಳೆದುಹಾಕುವುದುಂಟು. ಅದು ಒಂದು ದಿನದ ಕೆಲಸ. ಅಂಥ ಮರ ಮತ್ತೆ ಬೆಳೆದು ನೀರಿಗೆ ಬೀಳಲು ತಲೆಮಾರುಗಳು ಬೇಕು. ಮರಿಗಳಿಗೆ ಹಣ ತೆರುವ ಮುನ್ನ ಆ ಮರಗಳನ್ನು ಇದ್ದಲ್ಲಿಯೇ ಬಿಡುವುದು ಲೇಸು. ಅದಕ್ಕೆ ಖರ್ಚೇನೂ ಇಲ್ಲ.