ಅರ್ಜುನನ ಕಲ್ಲಿನ ಜೊತೆ ಒಂದಿಷ್ಟು ಮಣ್ಣೂ ಬೇಕು

ಆನೆಗೊಂದು ಸ್ಮಾರಕ ಯಾಕೆ, ಆ ದುಡ್ಡಲ್ಲಿ ಒಂದಿಷ್ಟು ದೂರ ರೈಲ್ವೆ ಕಂಬಿ ಬೇಲಿ ಹಾಕಬಹುದಿತ್ತಲ್ಲ ಅಂತ ನಮ್ಮ ಸಕಲೇಶಪುರದ ಕಡೆ ಕೇಳುವವರಿದ್ದಾರೆ. ಭತ್ತದ ಗದ್ದೆ ತುಳಿಸಿಕೊಂಡವರು, ಕಾಫಿ ಗಿಡ ಮುರಿಸಿಕೊಂಡವರು ಕೇಳುವ ಪ್ರಶ್ನೆ ಇದು, ನಕ್ಕು ತಳ್ಳಿಹಾಕುವಂಥದ್ದಲ್ಲ. ನನ್ನ ಉತ್ತರ ಇಷ್ಟೇ: ಸ್ಮಾರಕ ಬೇಕು. ಆದರೆ ಬರೀ ಕಲ್ಲಲ್ಲಿ ಮುಗಿಯಬಾರದು.

ಅರ್ಜುನ 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕವನು. 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ 750 ಕೆ.ಜಿ. ತೂಕದ ಅಂಬಾರಿ ಹೊತ್ತವನು. ಅರವತ್ತಾಯಿತು ಅಂತ ಅಂಬಾರಿಯಿಂದ ಬಿಡುವು ಕೊಟ್ಟರು, ಕಾಡಾನೆ ಹಿಡಿಯುವ ಕೆಲಸದಿಂದ ಕೊಡಲಿಲ್ಲ! 2023ರ ಡಿಸೆಂಬರ್ 4ರಂದು ಯಸಳೂರು ವಲಯದ ದಬ್ಬಳ್ಳಿಕಟ್ಟೆಯಲ್ಲಿ ಕಾಡಿನ ಸಲಗದ ಜೊತೆ ಕಾದಾಡಿ ಸತ್ತ. ಅಲ್ಲೇ ಮಣ್ಣು ಮಾಡಿದರು. ಅದಕ್ಕೆ ಮೂರು ತಿಂಗಳ ಹಿಂದೆ, ಆಗಸ್ಟ್ 31ರಂದು, ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ‘ಭೀಮ’ನಿಗೆ ಅರಿವಳಿಕೆ ಕೊಡಲು ಹೋದ ‘ಆನೆ ವೆಂಕಟೇಶ್’ ಅದೇ ಆನೆಯ ಕಾಲಿಗೆ ಸಿಕ್ಕಿ ತೀರಿಕೊಂಡಿದ್ದರು. ಕಲ್ಲಿನ ಮೇಲೆ ಅರ್ಜುನನ ಹೆಸರಿನ ಜೊತೆ ಅವರ ಹೆಸರೂ, ಕೆಲಸಕ್ಕೆ ಹೋಗುವಾಗ ಆನೆಗೆ ಸಿಕ್ಕಿ ಸತ್ತ ಕೂಲಿಯವರ ಹೆಸರೂ ಇರಬೇಕು. ‘ದಸರಾ ಆನೆ’ ಅಂತ ಮಾತ್ರ ಬರೆದರೆ ಅರ್ಧ ಸತ್ಯ. ಅರ್ಜುನ ಸತ್ತಿದ್ದು ಮೆರವಣಿಗೆಯಲ್ಲಲ್ಲ, ನಮ್ಮ ಜಗಳ ಬಿಡಿಸಲು ಬಂದು.

ಪ್ರಾಣಿಗೆ ಕಲ್ಲು ನಿಲ್ಲಿಸುವುದು ನಮಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕೇಳಿರುತ್ತೀರಿ. ಸುಮಾರು ಕ್ರಿ.ಶ. 950ರದ್ದು. ಕಾಳಿ ಅನ್ನೋ ನಾಯಿ ಕಾಡುಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಅದರ ಒಡೆಯ ಮಣಲೇರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದ. ಅಷ್ಟಕ್ಕೇ ಬಿಡಲಿಲ್ಲ, ಕಲ್ಲಿನ ಪೂಜೆಗೆ ಅಂತ ಜಮೀನನ್ನೂ ಕೊಟ್ಟ. ಪೂಜೆ ಮಾಡದೆ ಉಂಡವನಿಗೆ ಆ ನಾಯಿಯ ಪಾಪ ತಟ್ಟಲಿ ಅಂತಲೂ ಬರೆಸಿದ. ಅಂದರೆ ಸಾವಿರ ವರ್ಷದ ಹಿಂದೆಯೇ ಕಲ್ಲಿನ ಜೊತೆ ಮಣ್ಣಿತ್ತು, ಜವಾಬ್ದಾರಿಯಿತ್ತು...

ಅರ್ಜುನನ ಕಲ್ಲಿನ ಜೊತೆ ಯಾವ ಮಣ್ಣಿದೆ?

ಮಣ್ಣಿನ ಕಥೆಯೇ ಇಲ್ಲಿ ಎಲ್ಲದಕ್ಕೂ ಮೂಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಮುಳುಗಡೆಯಾದವರಿಗೆ ಸಕಲೇಶಪುರ, ಆಲೂರು ಕಡೆ ಎಚ್‌ಆರ್‌ಪಿ ಜಮೀನು ಕೊಟ್ಟರು. ಕಾಡು ತುಂಡಾಯಿತು, ಆನೆ ತೋಟಕ್ಕೆ ಬಂತು. ಹೈಕೋರ್ಟ್ ನೇಮಿಸಿದ ಆನೆ ಕಾರ್ಯಪಡೆ 2012ರಲ್ಲಿ ಆಲೂರು ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕು ಅಂದಿತು. 2014ರಲ್ಲಿ 22 ಆನೆ ಹಿಡಿದರು. ಏನಾಯ್ತು? ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಮತ್ತೆ ಹಿಡಿಯಲು ಹೋದಾಗಲೇ ಅರ್ಜುನನನ್ನು ಕಳೆದುಕೊಂಡಿದ್ದು.

ಬೇರೆ ದೇಶಗಳಲ್ಲಿ ಒಂದು ಹುಲ್ಲುಗಾವಲನ್ನೋ ಕಾಡನ್ನೋ ಉಳಿಸಿ ಕೊಟ್ಟವರ ನೆನಪಿಗೆ ಆ ಜಾಗದಲ್ಲೇ ಶಿಲ್ಪ ನಿಲ್ಲಿಸುತ್ತಾರೆ. ಅಲ್ಲಿ ಜಾಗ ಮೊದಲು, ಶಿಲ್ಪ ಆಮೇಲೆ. ನಮ್ಮಲ್ಲಿ ಉಲ್ಟಾ. ಹಾಗಂತ ಕೊಡುವವರು ಇಲ್ಲದೆ ಇಲ್ಲ. ಹೆತ್ತೂರು ಹೋಬಳಿಯ ಕಾಡಂಚಿನ ಕೆಲವು ಊರಿನವರು ಸರಿಯಾದ ಪರಿಹಾರ ಕೊಟ್ಟರೆ ಜಮೀನು ಬಿಟ್ಟು ಹೋಗುತ್ತೇವೆ ಅಂತ ಹಿಂದೆಯೇ ಸರ್ಕಾರಕ್ಕೆ ಹೇಳಿದ್ದಾರೆ. ಯಾರನ್ನೂ ಒಕ್ಕಲೆಬ್ಬಿಸುವ ಮಾತಲ್ಲ ಇದು, ತಾವಾಗಿಯೇ ಬಂದವರ ಮಾತು. ಭದ್ರಾ ಕಡೆ ಆನೆಗಳಿಗೆ ವಿಹಾರಧಾಮ ಮಾಡುವ ಮಾತು ಆಡುವ ಸರ್ಕಾರ, ಇಲ್ಲಿ ಕೊಡುತ್ತೇನೆ ಅಂದವರ ಜಮೀನನ್ನು ಮೊದಲು ತೆಗೆದುಕೊಳ್ಳಲಿ.

ಅದಾದ ದಿನ ಇನ್ನೊಂದು ಕಲ್ಲು ನಿಲ್ಲಿಸೋಣ. ಅದರ ಮೇಲೆ ಮಂತ್ರಿಗಳ ಹೆಸರು ಬೇಡ, ಜಮೀನು ಬಿಟ್ಟುಕೊಟ್ಟ ಊರುಗಳ ಹೆಸರಿರಲಿ. ಅಲ್ಲಿಯವರೆಗೆ ಅರ್ಜುನನ ಸಮಾಧಿಗೆ ಹೂವು ಹಾಕಿ ಫೋಟೋ ತೆಗೆಸಿಕೊಳ್ಳುವ ನಾವೆಲ್ಲ ಪೂಜೆ ಮಾಡದೆ ಉಂಡವರೇ ಅಲ್ಲವೇ? ನೀವೇನಂತೀರಿ?