ಶುಶ್ರೂಷೆಯ ಕಡತ



ಇಂಗ್ಲೆಂಡಿನಲ್ಲಿ ವೃದ್ಧ ಮಾತಾಪಿತೃಗಳೊಡನೆ ನೆಲಸಿರುವ ಕನ್ನಡಿಗರು ಅರಿತಿರಬೇಕಾದ ಸಂಗತಿಯೊಂದುಂಟು. 2014ರ ಕೇರ್ ಆಕ್ಟಿಗೆ ಅನುಸಾರವಾಗಿ ಸ್ಥಳೀಯ ಕೌನ್ಸಿಲು ಒಬ್ಬರ ಶುಶ್ರೂಷೆಯ ಅಗತ್ಯವನ್ನೂ ಆರ್ಥಿಕ ಸ್ಥಿತಿಯನ್ನೂ ಪರಿಶೀಲಿಸುವಾಗ, ಸ್ನಾನಕ್ಕೆ ಕೈಹಿಡಿಯುವವರಾರೆಂಬುದು ಮೊದಲ್ಗೊಂಡು ಬ್ಯಾಂಕಿನ ಉಳಿತಾಯವೆಷ್ಟೆಂಬುದರವರೆಗೆ, ಮನೆಯವರ ಮುಂದೆಯೂ ಆಡಲು ಸಂಕೋಚಪಡುವ ವಿವರಗಳೆಲ್ಲ ಕಡತಕ್ಕೇರುತ್ತವೆ; ಸಮ್ಮತಿಪತ್ರಕ್ಕೆ ಸಹಿ ಮಾಡದಿದ್ದರೆ ಇವನ್ನು ಸಂಗ್ರಹಿಸಲಾರರೆಂದು ನಮ್ಮವರನೇಕರು ಭಾವಿಸುವರಾದರೂ, ಕೌನ್ಸಿಲು ಸಾಮಾನ್ಯವಾಗಿ ಆಧಾರವಾಗಿರಿಸಿಕೊಳ್ಳುವುದು ಸಮ್ಮತಿಯನ್ನಲ್ಲ, ಶಾಸನವು ವಿಧಿಸಿದ ಕರ್ತವ್ಯವನ್ನು. ಆದರೆ ಆ ಕಡತದ ಪ್ರತಿಯನ್ನು ಸಾಮಾನ್ಯವಾಗಿ ಶುಲ್ಕವಿಲ್ಲದೆ, ಒಂದು ತಿಂಗಳೊಳಗೆ, ಕೇಳಿ ಪಡೆಯುವ ಹಕ್ಕು ಆ ವೃದ್ಧರಿಗುಂಟು, ಅಧಿಕಾರಪತ್ರವಿಲ್ಲದ ಮಕ್ಕಳಿಗಿಲ್ಲ. ಇದು ನಮ್ಮ ಅವಿಭಕ್ತ ಕುಟುಂಬದ ಅಭ್ಯಾಸಕ್ಕೆ ಕಹಿಯೆನಿಸಬಹುದು, ನನಗಂತೂ ನ್ಯಾಯವೆಂದೇ ತೋರುತ್ತದೆ. ಕಡತದಲ್ಲಿ ತಪ್ಪು ಕಂಡರೆ ತಿದ್ದಬೇಕೆಂದು ಕೇಳಬಹುದು. ಕೌನ್ಸಿಲು ಕಿವಿಗೊಡದಿದ್ದರೆ ದತ್ತಾಂಶ ರಕ್ಷಣೆಯ ರಾಷ್ಟ್ರೀಯ ನಿಯಂತ್ರಕರಿಗೆ ದೂರು ಸಲ್ಲಿಸಬಹುದು.

ಇತಿ,
ಓದುಗನೊಬ್ಬ, ಲಂಡನ್