ಉಪ್ಪು ತಿಂದ ಕಾರು

ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆಯನ್ನು ನಮ್ಮ ಹಿರಿಯರು ಮನುಷ್ಯರನ್ನು ಕುರಿತು ಆಡಿದರು. ಅಮೆರಿಕದ ಉತ್ತರ ಸೀಮೆಯಲ್ಲಿ ಅದು ಮೋಟಾರು ಕಾರಿಗೆ ಅಕ್ಷರಶಃ ಒಪ್ಪುತ್ತದೆ. ಹಿಮ ಬಿದ್ದ ರಸ್ತೆಗಳ ಮೇಲೆ ಅಲ್ಲಿ ಲಾರಿಗಟ್ಟಲೆ ಉಪ್ಪನ್ನು ಎರಚುತ್ತಾರೆ. ತಿನ್ನುವುದು ಕಾರು, ನೀರು ಕುಡಿಸಬೇಕಾದವನು ಅದರ ಒಡೆಯ.

ಮಿಷಿಗನ್ ಸಂಸ್ಥಾನದ ಡೆಟ್ರಾಯಿಟ್ ನಗರವನ್ನೇ ನೋಡಬಹುದು. ಮೋಟಾರು ಉದ್ಯಮದ ತವರೆಂದು ಅದು ಲೋಕಪ್ರಸಿದ್ಧ. ಆ ನಗರದ ಅಡಿಯಲ್ಲಿ, ಸಾವಿರ ಅಡಿಗೂ ಮಿಕ್ಕ ಆಳದಲ್ಲಿ, ವಿಶಾಲವಾದ ಉಪ್ಪಿನ ಗಣಿಯಿದೆ. ಅಲ್ಲಿ ಅಗೆದ ಉಪ್ಪು ಚಳಿಗಾಲದಲ್ಲಿ ರಸ್ತೆಗೆ ಬೀಳುತ್ತದೆ. ಕಾರನ್ನು ಹೆತ್ತ ಊರೇ ಅದನ್ನು ಸವೆಸುವ ವಸ್ತುವನ್ನೂ ಒಡಲಲ್ಲಿ ಇಟ್ಟುಕೊಂಡಿರುವುದು ವಿಧಿಯ ವಿನೋದವೇ ಸರಿ!

ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟದು. ಚಳಿ ಮೈನಸ್ 9 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದರೆ ಸಾಮಾನ್ಯ ಉಪ್ಪಿನ ಬಲ ಕುಂದುತ್ತದೆ. ಆಗ ಕ್ಯಾಲ್ಸಿಯಂ ಕ್ಲೋರೈಡಿನಂತಹ ಲವಣಗಳನ್ನು ಬಳಸುತ್ತಾರೆ. ಇವು ಗಾಳಿಯ ತೇವವನ್ನು ತಾವೇ ಹೀರಿಕೊಂಡು ಲೋಹವನ್ನು ಸದಾ ಒದ್ದೆಯಾಗಿ ಇಡುತ್ತವೆ. ತುಕ್ಕಿಗೆ ಇದಕ್ಕಿಂತ ಹಿತವಾದ ಆತಿಥ್ಯ ಬೇರೆ ಬೇಕೆ?

ಬಣ್ಣ ಮಾಸಿತೆಂದು ಮರುಗುವವರೇ ಹೆಚ್ಚು. ಆದರೆ ನಿಜವಾದ ಅಪಾಯವಿರುವುದು ಕಣ್ಣಿಗೆ ಬೀಳದ ತಳಭಾಗದಲ್ಲಿ. ಬ್ರೇಕಿಗೆ ಒತ್ತಡವನ್ನು ಸಾಗಿಸುವ ಸಣ್ಣ ಉಕ್ಕಿನ ಕೊಳವೆಗಳು ಅಲ್ಲಿವೆ. ಅವು ತುಕ್ಕು ಹಿಡಿದು ಒಡೆದರೆ ಕಾಲು ಪೆಡಲನ್ನು ತುಳಿದರೂ ಗಾಡಿ ನಿಲ್ಲಬೇಕಾದಲ್ಲಿ ನಿಲ್ಲದು. 2015ರ ಏಪ್ರಿಲಿನಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯು, ಉಪ್ಪು ಬಳಸುವ ಸಂಸ್ಥಾನಗಳಲ್ಲಿ ಹಳೆಯ ಗಾಡಿಗಳನ್ನುಳ್ಳವರು ಚಳಿಗಾಲದುದ್ದಕ್ಕೂ ತಳಭಾಗವನ್ನು ತೊಳೆಯಬೇಕೆಂದು ಎಚ್ಚರಿಸಿದ್ದು ಇದಕ್ಕಾಗಿಯೇ.

ಮೈಸೂರು ಸೀಮೆಯಿಂದ ಹೊಸದಾಗಿ ಅಲ್ಲಿಗೆ ಹೋದ ಗೃಹಸ್ಥನಿಗೆ ಮೊದಲು ಹೊಳೆಯುವ ಉಪಾಯ ಒಂದು ಬಕೆಟ್ಟು ಬಿಸಿನೀರು. ಅದೇ ಮೊದಲ ತಪ್ಪು. ಹೆಪ್ಪುಗಟ್ಟಿದ ಗಾಜಿನ ಮೇಲೆ ಬಿಸಿನೀರು ಬಿದ್ದರೆ ಗಾಜು ಸೀಳುವುದುಂಟು. ಎರಡನೆಯ ತಪ್ಪು, ಒಣಗಿದ ಬಿಳಿಯ ಪೊರೆಯನ್ನು ಬಟ್ಟೆಯಿಂದ ಉಜ್ಜುವುದು. ಉಪ್ಪಿನ ಹರಳು ಮತ್ತು ಮರಳು ಸೇರಿ ಬಣ್ಣವನ್ನು ಗೀರುತ್ತವೆ. ಮೂರನೆಯದು ಇನ್ನೂ ಮೋಸದ್ದು. ಉಪ್ಪು ಮೆತ್ತಿದ ಕಾರನ್ನು ಹಾಗೆಯೇ ಬೆಚ್ಚನೆಯ ಗ್ಯಾರೇಜಿನಲ್ಲಿ ನಿಲ್ಲಿಸಿ ನೆಮ್ಮದಿಯಾಗಿ ಮಲಗುವುದು. ಕೊರೆಯುವ ಚಳಿಯಲ್ಲಿ ತುಕ್ಕು ನಿಧಾನವಾಗಿ ನಡೆಯುತ್ತದೆ. ಬೆಚ್ಚನೆಯ ತೇವದಲ್ಲಿ ಓಡುತ್ತದೆ.

ಹವೆ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಮೇಲೇರಿದ ಹಗಲನ್ನು ಆರಿಸಿಕೊಂಡು, ಮಧ್ಯಾಹ್ನದೊಳಗೆ ಕೆಲಸ ಮುಗಿಸುವುದು ಲೇಸು. ಇರುಳ ಚಳಿ ಇಳಿಯುವ ಮುನ್ನ ಗಾಡಿ ಆರಬೇಕು. ಮನೆಯಂಗಳದಲ್ಲಿ ತೊಳೆದರೆ ಹರಿದ ನೀರು ರಾತ್ರಿ ಕನ್ನಡಿಯಂತಹ ಮಂಜುಗಡ್ಡೆಯಾಗುತ್ತದೆ. ಕಾರು ಉಳಿದು ಯಜಮಾನನ ಸೊಂಟ ಮುರಿದರೆ ಪ್ರಯೋಜನವೇನು? ಆದ್ದರಿಂದ ಹಣ ಕೊಟ್ಟು ತೊಳೆಸುವ ಕಟ್ಟೆಗೆ ಹೋಗುವುದೇ ಜಾಣತನ. ಅಲ್ಲಿ ಕೆಳಗಿನಿಂದ ನೀರು ಚಿಮ್ಮಿಸುವ ಏರ್ಪಾಡು ಇದೆಯೇ ಎಂದು ಮೊದಲು ಕೇಳಬೇಕು. ಬಳಸಿದ ನೀರನ್ನೇ ಮತ್ತೆ ತಿರುಗಿಸುವ ಕಟ್ಟೆಗಳೂ ಉಂಟು. ಕೊನೆಯ ಜಾಲಿಸುವಿಕೆಯಾದರೂ ಹೊಸ ನೀರಿನಿಂದ ಆಗಬೇಕು. ಚಕ್ರದ ಗೂಡುಗಳಲ್ಲಿ ಅಂಟಿದ ಹಿಮದ ಹೆಂಟೆಗಳಲ್ಲಿ ಉಪ್ಪು ಅಡಗಿರುತ್ತದೆ. ಅವನ್ನು ಉದುರಿಸದೆ ಮೈಯನ್ನೆಷ್ಟು ಹೊಳಪಿಸಿದರೂ ವ್ಯರ್ಥ.

ತೊಳೆದ ಮೇಲಿನ ಹತ್ತು ನಿಮಿಷವನ್ನು ಬಹಳ ಮಂದಿ ಮರೆಯುತ್ತಾರೆ. ಬಾಗಿಲುಗಳ ಅಂಚಿನ ರಬ್ಬರನ್ನು ಒರಸಿ ಸಿಲಿಕೋನು ಸವರದಿದ್ದರೆ ಬೆಳಗಾಗುವಷ್ಟರಲ್ಲಿ ಬಾಗಿಲು ಕಚ್ಚಿಕೊಳ್ಳುತ್ತದೆ. ಬಲವಂತವಾಗಿ ಎಳೆದರೆ ರಬ್ಬರು ಹರಿಯುತ್ತದೆ. ಬೀಗದ ಕಿಂಡಿಯಲ್ಲೂ ನೀರು ನಿಲ್ಲಬಾರದು. ಬಳಿಕ ಜನಸಂಚಾರವಿಲ್ಲದ ಕಡೆ ಮೆಲ್ಲನೆ ಓಡಿಸುತ್ತ ಹಲವು ಸಲ ಬ್ರೇಕನ್ನು ಹಗುರವಾಗಿ ಒತ್ತಿದರೆ ಅದರ ತೇವ ಆರುತ್ತದೆ. ಒದ್ದೆ ಬ್ರೇಕಿನ ಗಾಡಿಯನ್ನು ಕೈಬ್ರೇಕು ಎಳೆದು ಇರುಳೆಲ್ಲ ಹೊರಗೆ ನಿಲ್ಲಿಸಿದರೆ ಚಕ್ರವೇ ಸೆರೆಯಾದೀತು.

ಹತ್ತು ಹದಿನೈದು ದಿನಗಳಿಗೊಮ್ಮೆ ಹೀಗೆ ನಡೆದರೆ ಸಾಕು. ಹಿಮ ಕರಗಿ ಮರಗಳು ಚಿಗುರಿದಾಗ ತಳಭಾಗಕ್ಕೆ ಇನ್ನೊಂದು ದೀರ್ಘ ಸ್ನಾನ ಆಗಬೇಕು. ಅಂದು ಗಾಡಿಯನ್ನು ಎತ್ತಿಸಿ, ದೀಪ ಹಿಡಿದು ಬ್ರೇಕಿನ ಕೊಳವೆಗಳನ್ನು ನೋಡಿಸುವುದುಂಟು. ಅವು ಹಕ್ಕಳೆಯೆದ್ದಿದ್ದರೆ, ಅಥವಾ ಪೆಡಲು ಎಂದಿಗಿಂತ ಆಳಕ್ಕೆ ಇಳಿಯುತ್ತಿದ್ದರೆ, ಆ ಗಾಡಿಗೆ ಬೇಕಾದದ್ದು ನೀರಲ್ಲ, ಮೆಕ್ಯಾನಿಕ್ಕನು. ಅವನು ಕೊಳವೆ ಬದಲಿಸುವವರೆಗೂ ಅದು ರಸ್ತೆಗೆ ಇಳಿಯಕೂಡದು.